ಒಂದು ಪುಟಕ್ಕೆ ಮೀರದಂತೆ

ತಹಶೀಲ್ದಾರರ ಜ್ಞಾಪನ ಬಂದಿದೆ:
ಹೋಬಳಿಯ ಇತಿಹಾಸ, ಭೂಗೋಳ, ಆಡಳಿತ
ಒಂದು ಪುಟಕ್ಕೆ ಮೀರದಂತೆ ಬರೆದು
ಸೋಮವಾರದೊಳಗೆ ಸಲ್ಲಿಸತಕ್ಕದ್ದು.
ಅಂಕಿಗಳು ಕನ್ನಡದಲ್ಲೇ ಇರತಕ್ಕದ್ದು.

ಬರೆಯುತ್ತಿದ್ದೇನೆ.
ತಾವರೆಗಟ್ಟ ಹೋಬಳಿ, ಮಂಡ್ಯ ಜಿಲ್ಲೆ.
ಮೂಡಲಿಗೆ ನಾಲೆ, ಪಡುವಲಿಗೆ ಕಲ್ಲುಗುಡ್ಡ,
ತೆಂಕಲಿಗೆ ರೈಲು ಹಳಿ,
ಬಡಗಲಿಗೆ—

ಬಡಗಲಿಗೆ ಒಂದು ಬಾಂದುಕಲ್ಲಿತ್ತು.
ಮೋಜಣಿಯವರು ಸರಪಳಿ ಎಳೆದುಕೊಂಡು ಹುಡುಕಿದರು:
ನಕ್ಷೆಯಲ್ಲಿದೆ, ನೆಲದಲ್ಲಿಲ್ಲ.
ಕೊನೆಗೆ ಸಿಕ್ಕಿದ್ದು ಈರತಾಯಮ್ಮನ ಹಿತ್ತಲಲ್ಲಿ,
ಮೇಲೆ ಸೋಪಿನ ನೊರೆ, ಒಂದು ನೀಲಿ ಲಂಗ.
"ಅತ್ತೆ ಕಾಲದಿಂದ ಇದ್ರ ಮ್ಯಾಲೇ ಒಗೀತಾ ಇವ್ನಿ ಕಣವ್ವ,
ಗಡಿ ಅಂತ ಏನಾರ ಬರ್ದಿತ್ತಾ?"
ಬರೆದಿತ್ತು. ಉಜ್ಜಿ ಉಜ್ಜಿ ಸವೆದಿದೆ.

ಇತಿಹಾಸ.
ಶಾನುಭೋಗರ ಕಾಲದ ಗಂಟು ಬಿಚ್ಚಿದೆ.
ಎಂಬತ್ತು ವರ್ಷದ ಕಂದಾಯವನ್ನು
ಗೆದ್ದಲು ವಸೂಲು ಮಾಡಿಕೊಂಡು ಹೋಗಿದೆ.
ಉಳಿದದ್ದಿಷ್ಟು: ನಾಲೆಗೆ ಮುಂಚೆ ರಾಗಿ, ಹುರುಳಿ, ಹುಚ್ಚೆಳ್ಳು;
ನಾಲೆ ಬಂದ ಮೇಲೆ ಭತ್ತ, ಕಬ್ಬು, ಸೊಳ್ಳೆ, ವ್ಯಾಜ್ಯ.
ಎರಡು ಊರಿನ ನಡುವಿನ ಹುಣಿಸೆಮರವನ್ನು
ಪಟೇಲನೊಬ್ಬ ಕೊಂಬೆ ಲೆಕ್ಕದಲ್ಲಿ ಹಂಚಿದ ತೀರ್ಪು
ಮೋಡಿ ಅಕ್ಷರದಲ್ಲಿದೆ.
ಓದಬಲ್ಲವರು ಮಂಡ್ಯದಲ್ಲಿ ಇಬ್ಬರಿದ್ದರು,
ಒಬ್ಬರಿಗೆ ಈಗ ಕಣ್ಣು ಕಾಣದು.
ಇನ್ನೊಬ್ಬರು ಫೋನೆತ್ತುವುದಿಲ್ಲ.

ಆಡಳಿತ.
ನಾಡಕಚೇರಿ ಒಂದು. ಜನರೇಟರ್ ಒಂದು, ಡೀಸೆಲ್ ಇಲ್ಲ.
ಗ್ರಾಮಲೆಕ್ಕಿಗರ ಹುದ್ದೆ ಒಂಬತ್ತು, ಭರ್ತಿ ಐದು, ನಾನೂ ಸೇರಿ.
ಪಹಣಿಗೆ ಸರ್ವರ್ ಬೇಕು, ಸರ್ವರಿಗೆ ಗುಡುಗೆಂದರೆ ಭಯ.
ಯಾವ ತೂಬಿಗೆ ಯಾವ ರಾತ್ರಿ ನೀರು ಎಂಬುದು
ಯಾವ ಕಂಪ್ಯೂಟರಿನಲ್ಲೂ ಇಲ್ಲ;
ಅದು ನೀರಗಂಟಿ ಮರಿಚಿಕ್ಕಯ್ಯನ ಹಿಮ್ಮಡಿಯಲ್ಲಿದೆ.
ಬದುವಿನ ಮಣ್ಣು ಒಮ್ಮೆ ಮೆಟ್ಟಿ ಹೇಳುತ್ತಾನೆ,
ಅಚ್ಚುಕಟ್ಟಿನ ಕೊನೆ ಗದ್ದೆಗೆ ಇನ್ನೆಷ್ಟು ಹೊತ್ತು ಅಂತ.
ಅವನ ಹುದ್ದೆ ಮಂಜೂರಾತಿ ಪಟ್ಟಿಯಲ್ಲಿಲ್ಲ.
ಸುಗ್ಗಿಯಲ್ಲಿ ಮನೆಗೊಂದು ಮೊರ ಭತ್ತ, ಅಷ್ಟೆ.
ಈಚೆಗೆ ಕೆಲವರು ಮೊರ ಚಿಕ್ಕದು ಮಾಡಿದ್ದಾರೆ.

ಜನಸಂಖ್ಯೆ.
ಇಲ್ಲಿ ನಿಂತಿದ್ದೇನೆ ಮೂರು ದಿನದಿಂದ.
ಗ್ರಾಮ ಸಂಖ್ಯೆ ಹದಿನೇಳು, ಕೆಂಚನಕೊಪ್ಪಲು, ಬೇಚಿರಾಕ್.
ದೀಪವಿಲ್ಲದ ಊರು ಎಂದು ಆ ಮಾತಿಗೆ ಅರ್ಥವಂತೆ.
ಹೆಸರುಂಟು, ನಕ್ಷೆಯುಂಟು,
ಗೋಮಾಳ ಹದಿನಾಲ್ಕು ಎಕರೆ, ಖರಾಬು ಎಂಟು ಗುಂಟೆ,
ಮನುಷ್ಯರಿಲ್ಲ.
ಪ್ಲೇಗಿನ ವರ್ಷ ಬಿಟ್ಟು ಹೋದರೆಂದು ಒಂದು ಕಡತ,
ಬಾವಿ ಉಪ್ಪಾಯಿತೆಂದು ಇನ್ನೊಂದು.

ಆದರೆ ಮಾರ್ಚಿ ತಿಂಗಳಲ್ಲಿ ಬರುತ್ತಾಳೆ ದ್ಯಾವೀರಮ್ಮ,
ದಾಖಲೆ ಪ್ರಕಾರ ಪಕ್ಕದೂರಿನ ಮತದಾರಳು.
ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಹತ್ತು ರೂಪಾಯಿ:
"ಕೆಂಚನಕೊಪ್ಪಲ ಕಂದಾಯ. ನಮ್ಮಜ್ಜಿ ಕಟ್ತಿದ್ಲು."
ಜಮೀನಿಲ್ಲ, ಖಾತೆಯಿಲ್ಲ,
ರಸೀದಿಗೆ ಕಾಲಮ್ಮೇ ಇಲ್ಲವೆಂದೆ ಮೊದಲ ವರ್ಷ.
"ರಸೀದಿ ಯಾರ್ ಕೇಳುದ್ರು" ಅಂದಳು,
"ಊರಿನ ಹೆಸ್ರಲ್ಲಿ ಬಾಕಿ ಇರಬಾರ್ದು."
ಡ್ರಾಯರಿನಲ್ಲೀಗ ಆರು ನೋಟು,
ಯಾವ ಲೆಕ್ಕಶೀರ್ಷಿಕೆಗೂ ಸೇರದವು;
ಆಡಿಟ್ ಬಂದರೆ ನನ್ನ ಊಟದ ಡಬ್ಬಿಗೆ ಹೋಗುತ್ತವೆ.

ಪುಟ ಮೀರಿತು.
ಒಗೆಯುವ ಕಲ್ಲು ಹೊಡೆದು ಹಾಕಿದೆ,
ಹಿಮ್ಮಡಿ, ಮೊರ, ಹುಣಿಸೆಮರ.
ಬಡಗಲ ಗಡಿ: ಪರಿಶೀಲನೆಯಲ್ಲಿದೆ.
ಇನ್ನು ಹದಿನೇಳರ ಎದುರು ಸೊನ್ನೆ ಹಾಕಬೇಕು.
ಪೆನ್ನು ಎಡದಿಂದ ಏರಿ, ಸುತ್ತಿ, ಬಲಕ್ಕಿಳಿಯುತ್ತದೆ,
ತಳ ಕೂಡಿಸುವಲ್ಲಿ ನಿಲ್ಲುತ್ತದೆ.
ಮುಚ್ಚದೆ ಬಿಟ್ಟರೆ
ಕನ್ನಡದ ಸೊನ್ನೆ ಕನ್ನಡದ ಒಂದು.

ತಹಶೀಲ್ದಾರರಿಗೆ ಕನ್ನಡಕ ಹೊಸತು.
ಸೋಮವಾರ ನೋಡೋಣ.