ಕಪಾಟು

ಗೋಡೆಗೆ ಕಿವಿ ಅನ್ನುತ್ತಾರೆ;
ನಮ್ಮ ಗುಮ್ಮಟಕ್ಕೆ ನಾಲಗೆ.
ಒಲೆಯ ಬಳಿ ನಾನು ಗೊಣಗಿದ್ದು
ಆಚೆ ತುದಿಯಲ್ಲಿ ಬೂಟು ಕಳಚುವ
ಸ್ತೇನ್‌ಗ್ರಿಮುರನ ಕಿವಿಗೇ ಬೀಳುತ್ತದೆ.

ನೂರೈದು ತ್ರಿಕೋನ, ಅವನೇ ಎಣಿಸಿ ಬಿಗಿದದ್ದು.
ಯಾವ ಸಂದು ಸೋರುವುದೆಂದು
ಬಕೆಟ್ಟಿಗಷ್ಟೇ ಗೊತ್ತು.
ಬಿಸಿಯೆಲ್ಲ ನೆತ್ತಿಗೆ, ಚಳಿ ನಮ್ಮ ಕಾಲಿಗೆ.
ಅತ್ತೆ ಕೊಟ್ಟ ಕಪಾಟು
ಎಲ್ಲಿ ಒರಗಿಸಿದರೂ ಬೆನ್ನು ತಾಗದು;
ಹಿಂದೆ ಬಿದ್ದ ಚಮಚ ಇನ್ನೂ ಅಲ್ಲೇ.

ಫೆಬ್ರವರಿಯಲ್ಲಿ ಅಕುರೇರಿ ಕಡೆಯ ಗಾಳಿ
ಚೌಕ ಮನೆಗಳ ಅಂಚು ಹಿಡಿದೆಳೆಯಿತು.
ನಮ್ಮದರ ಮೇಲೆ ಕೈಯಾಡಿಸಿ,
ಹಿಡಿ ಸಿಗದೆ,
ಹೋಯಿತು.

ಬೆಳಗಿನ ಜಾವ ಬಾಗಿಲಲ್ಲಿ ಹಾಲ್‌ಬೆರಾ,
ಚಾವಣಿ ಹಾರಿಹೋದವಳು, ಕಂಕುಳಲ್ಲಿ ಬೆಕ್ಕು.

ಕಪಾಟನ್ನು ನಟ್ಟನಡುವೆ ನಿಲ್ಲಿಸಿದೆವು.
ಅದರ ಮರೆಯಲ್ಲಿ ಅವಳು ಅತ್ತದ್ದು
ಪೂರ್ತಿ ಕೇಳಿಸಿತು.
ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.