ಎಳೆ ತುಂಡಾದ ಜಾಗ

ಪಾಸ್ಕದ ಪಾಠಕ್ಕೆ ಈ ಸಲ ಬೆಂಗಳೂರಿಂದ ಚಾರ್ಟು ಬಂದಿತ್ತು:
ಎಲೆ ಮೇಲೆ ಹುಳ, ಬಾಣದ ಗುರುತು, ಗೂಡು,
ಬಾಣದ ಗುರುತು, ಬಣ್ಣಬಣ್ಣದ ಚಿಟ್ಟೆ.
ಕೆಳಗೆ ದಪ್ಪಕ್ಷರದಲ್ಲಿ: ಪುನರುತ್ಥಾನ.

ಪೂಜೆ ಮುಗಿದು ಹತ್ತೂವರೆ.
ಚರ್ಚಿನ ಹಿಂದಿನ ಜಗಲಿ, ಒಂಬತ್ತು ಮಕ್ಕಳು,
ಬಿಸ್ಕತ್ತು ಇನ್ನೂ ಬಾಯಲ್ಲಿ.
ಕಿಟಕಿ ಸರಳಿಗೆ ಚಾರ್ಟು ನೇತುಹಾಕಿ
ಹೇಳಿದೆ: ಸಮಾಧಿಯೂ ಹೀಗೇ, ಒಂದು ಗೂಡು.
ಮೂರನೇ ದಿನ...

ರಾಯಪ್ಪನ ಮಗ ಅಂದ್ರೇಸು ಕೈ ಎತ್ತಲಿಲ್ಲ, ಎದ್ದೇ ನಿಂತ.
"ಹೊರಗೆ ಬರಲ್ಲ ಮಿಸ್. ಬಂದ್ರೆ ಗೂಡು ತೂತು.
ತೂತಾದ ಗೂಡು ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ.
ಅದಕ್ಕೇ ಮುಂಚೇನೇ ಬೇಯಿಸ್ಬಿಡ್ತೀವಿ.
ಬೇಯಿಸಿದ್ದು ಏಳುತ್ತಾ ಮಿಸ್?"

ಯಾರೂ ನಗಲಿಲ್ಲ.
ಶಿಡ್ಲಘಟ್ಟದ ಮಕ್ಕಳು. ಅವನು ಹೇಳಿದ್ದು ಅವರಿಗೆ
ಎರಡರ ಮಗ್ಗಿ.

ನನಗೂ. ಸೋಮವಾರದಿಂದ ಶನಿವಾರ
ನಾನೇ ಕೂರುತ್ತೇನಲ್ಲ ತೊಟ್ಟಿ ಮುಂದೆ,
ಕುದಿನೀರಲ್ಲಿ ಗೂಡು ಹೊರಳಿಸಿ, ತುದಿ ಹುಡುಕಿ,
ಎಳೆಗೆ ಎಳೆ ಕೂಡಿಸಿ ರಾಟೆಗೆ ಕೊಡುವವಳು.
ಭಾನುವಾರ ಸೀಮೆಸುಣ್ಣ ಹಿಡಿದರೂ
ಬೆರಳು ನೆಂದ ಅವಲಕ್ಕಿ ಹಾಗೆ ಬಿಳುಚಿರುತ್ತದೆ.
ಆ ಬೆರಳಲ್ಲಿ ಚಿಟ್ಟೆಯ ರೆಕ್ಕೆ ತೋರಿಸುತ್ತಿದ್ದೆ!
"ಮುಂದಿನ ವಾರ ನೋಡೋಣ, ಕೂತ್ಕೋ" ಅಂದೆ.
ಚಾರ್ಟು ಸುತ್ತಿ ಬೀರು ಹಿಂದೆ ನಿಲ್ಲಿಸಿದೆ.

ಬುಧವಾರ ಸಂಜೆ ದೊಡ್ಡವರ ತರಗತಿ.
ದೊಡ್ಡವರು ಅಂದರೆ ನಾಲ್ಕೇ ಜನ:
ಮದುವೆಗೆ ಚೀಟಿ ಬೇಕಾದ ಹುಡುಗ,
ಅವನ ಜತೆ ಬಂದು ನಿದ್ದೆ ಮಾಡುವ ಅಣ್ಣ,
ಏನೂ ಕೇಳದೆ ಎಲ್ಲವನ್ನೂ ಬರೆದುಕೊಳ್ಳುವ ಫಿಲೋಮಿನಾ,
ಮತ್ತೆ ಸಗಾಯಮ್ಮ. ಅರವತ್ತೆರಡು.
ಓದು ಬಾರದು. ಪರಮಪ್ರಸಾದ ಇನ್ನೂ ತಗೊಂಡವಳಲ್ಲ.
ಬಾಯಿಪಾಠದಲ್ಲಿ ಯಾರೂ ಅವಳ ಸಮಕ್ಕಿಲ್ಲ:
ಹತ್ತು ಕಟ್ಟಳೆ, ಏಳು ಸಂಸ್ಕಾರ,
ಜಪಸರದ ರಹಸ್ಯ ಹಿಂದುಮುಂದಾಗಿ ಕೇಳಿದರೂ ಸರಿ.
ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಮಾತ್ರ
ಪ್ರತಿವಾರ ಒಂದೇ ಜಾಗದಲ್ಲಿ ನಿಲ್ಲುತ್ತಾಳೆ.

"ನಮಗೆ ತಪ್ಪು ಮಾಡಿದವರನ್ನು..."

ಅಷ್ಟೇ. ಎಸ್ಸೆಸ್ಸೆಲ್ಸಿಯ ವ್ಯಾಕರಣ ನೆನಪಾಗುತ್ತದೆ:
ಕರ್ಮ ಇದೆ, ಕ್ರಿಯಾಪದ ಬರುವುದಿಲ್ಲ.
ತುದಿ ಎತ್ತಿಕೊಡುವುದು ನನ್ನ ಕೈಯ ರೂಢಿ.
"ನಾವು ಕ್ಷ..." ಅಂದೆ. "ಕ್ಷಮಿ..." ಅಂದೆ.
ಈ ಬುಧವಾರ, ಐದನೆಯದು, ಅವಳು ಸೆರಗು ಸರಿಮಾಡಿಕೊಂಡಳು.
"ಗೊತ್ತಮ್ಮ ಆ ಮಾತು. ನೀನು ಹುಟ್ಟೋಕೆ ಮುಂಚೆ ಗೊತ್ತು.
ನನ್ನ ಮಗಳ ಕೈ ತೊಟ್ಟಿಗೆ ಬಿದ್ದ ದಿನ
ಅರ್ಧ ದಿನದ ಕೂಲಿ ಹಿಡಿದವನೊಬ್ಬ ಇದ್ದಾನೆ.
ಇನ್ನೂ ಬದುಕೇ ಇದ್ದಾನೆ.
ಸುಳ್ಳು ಹೇಳಬಾರದು ಅಂತ ಎಂಟನೇ ಕಟ್ಟಳೇಲಿ
ನೀನೇ ಕಲಿಸಿದ್ದು."

ಮದುವೆ ಹುಡುಗನ ಅಣ್ಣನಿಗೆ ಎಚ್ಚರವಾಯಿತು.
ಫಿಲೋಮಿನಾ ಇದನ್ನೂ ಬರೆದುಕೊಂಡಳು.

ಎಳೆ ತುಂಡಾದರೆ ಗಂಟು ಹಾಕುವುದು ನನಗೆ ಗೊತ್ತು,
ಕಣ್ಣು ಮುಚ್ಚಿ ಹಾಕುತ್ತೇನೆ, ರಾಟೆ ನಿಲ್ಲದ ಹಾಗೆ.
ಇದಕ್ಕೆ ಕೈ ಹೋಗಲಿಲ್ಲ.

ಸ್ವಾಮಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು
ಒರೆಸಿದರು. ಮತ್ತೆ ಒರೆಸಿದರು.
"ಪಾಸ್ಕದ ಪಟ್ಟಿಯಲ್ಲಿ ಅವಳ ಹೆಸರು ಇರಲಿ" ಅಂದರು,
"ಪೆನ್ಸಿಲ್ಲಲ್ಲಿ."

ನಿನ್ನೆ ಗರಿಗಳ ಭಾನುವಾರ.
ನಲವತ್ತು ವರ್ಷ ಒಂದೇ ಉಸಿರಿಗೆ ಹೇಳಿಕೊಂಡು ಬಂದ ಪ್ರಾರ್ಥನೆ,
ಆ ಜಾಗಕ್ಕೆ ಬಂದು ನಾನೂ ನಿಂತೆ.
ಒಂದು ಮುಖ ಕಂಡಿತು. ಹೆಸರು ಬೇಡ.
ಇಡೀ ಗುಡಿ ನನ್ನನ್ನು ಬಿಟ್ಟು ಮುಂದೆ ಹೋಯಿತು,
ಶೋಧನೆ ದಾಟಿ, ಕೇಡು ದಾಟಿ, ಆಮೆನ್.
ಹಿಂದಿನ ಬೆಂಚಿನಲ್ಲಿ ಸಗಾಯಮ್ಮ
ಗರಿ ಹಿಡಿದು ಸುಮ್ಮನಿದ್ದಳು.
ಅಂದ್ರೇಸು ನಮ್ಮಿಬ್ಬರ ಬಾಯಿಯನ್ನೂ
ತಿರುತಿರುಗಿ ನೋಡಿದ.

ಹತ್ತೂವರೆಗೆ ಜಗಲಿಗೆ ಚಾರ್ಟಿಲ್ಲದೆ ಹೋದೆ.
ಅವನು ಎದ್ದು ನಿಂತೇ ಇದ್ದ.
"ಗೊತ್ತಿಲ್ಲ ಕಣೋ" ಅಂದೆ.
ಪುಸ್ತಕದ ಹಿಂದಿನ ಪುಟ ತೆರೆದು ಹುಡುಗ
ಆ ಉತ್ತರಕ್ಕೆ ಎಷ್ಟು ಅಂಕ ಅಂತ ಹುಡುಕತೊಡಗಿದ.