ತೊಟ್ಟೇ ಎಲೆಯಾದ ಗಿಡ

ಅದು ಎಲೆಯಲ್ಲ, ಅಂದಳು ಐರಿಸ್ ಟ್ರೆಗೆಂಜಾ,
ನಾನು ಹರ್ಬೇರಿಯಂಗೆ ಸೇರಿದ ಮೊದಲ ದಿನ.
ತೊಟ್ಟು. ಎಲೆ ಇಲ್ಲವಾಗಿ
ತೊಟ್ಟೇ ಚಪ್ಪಟೆಯಾಗಿ, ಹಸಿರಾಗಿ
ಎಲೆಯ ಕೆಲಸಕ್ಕೆ ನಿಂತಿದೆ.
ಮೊಳಕೆಯಲ್ಲಿ ನೋಡು,
ಮೊದಲೆರಡು ಮಾತ್ರ ಹಕ್ಕಿಗರಿಯ ಹಾಗೆ, ಸೀಳುಸೀಳು.
ಆಮೇಲೆ ಆ ದುಂದುಗಾರಿಕೆ ಬಿಡುತ್ತದೆ.

ನನ್ನ ಕೆಲಸ ಅಂಟಿಸುವುದು.
ಒಣಗಿದ ರೆಂಬೆ, ದಪ್ಪ ಹಾಳೆ, ಅಂಟುಪಟ್ಟಿ,
ಉದುರಿದ ಹೂವಿಗೆ ಮೂಲೆಯಲ್ಲೊಂದು ಲಕೋಟೆ.
ಹಳದಿ ಕೆಲವು ವರ್ಷ ತಡೆದು ಚಹಾದ ಬಣ್ಣವಾಗುತ್ತದೆ.
ವಾಸನೆ ಮೊದಲ ವಾರವೇ ಹೋಗಿರುತ್ತದೆ.

ವಾಟಲ್ ಅಂದರೆ ತಟ್ಟಿ.
ಹಡಗಿನಿಂದಿಳಿದವರು ಬರಲು ಹೆಣೆದು
ಮಣ್ಣು ಮೆತ್ತಿ ಗೋಡೆ ಮಾಡಿಕೊಂಡರು.
ಮೊದಲು ಹೆಣೆದದ್ದು ಬೇರೆಯದೇ ಗಿಡವಂತೆ;
ಹೆಸರು ಮಾತ್ರ ಇದಕ್ಕೆ ಬಂದು ಅಂಟಿತು.
ಮನೆ ಕಟ್ಟೋಕೆ ಬಂದವರಿಗೆ ಕಂಡದ್ದೆಲ್ಲ ಗೋಡೆ,
ನಗುತ್ತಾಳೆ ಮರ್ಲ್ ಆಂಟಿ.
ಅವಳ ಅಜ್ಜಿ ಇದರ ಬೀಜ ಅರೆದು ರೊಟ್ಟಿ ಸುಟ್ಟವಳು.
ನಿಮ್ಮ ಮಾತಲ್ಲಿ ಇದಕ್ಕೇನಂತಾರೆ, ಕೇಳಿದೆ.
ಯಾವಾಗ? ಅಂದಳು.
ಹೂ ಬಿಟ್ಟಾಗಲೋ, ಅಂಟು ಸೋರುವಾಗಲೋ,
ಬೀಜ ಹುರಿಯುವಾಗಲೋ?
ನನ್ನ ಚೀಟಿಯಲ್ಲಿ ಖಾಲಿ ಇದ್ದದ್ದು ಒಂದೇ ಗೆರೆ.

ದೂರದ ದೊಡ್ಡ ಸಭೆಯೊಂದರಲ್ಲಿ ಓಟು ಹಾಕಿ
ಅಕೇಶಿಯಾ ಎಂಬ ಹೆಸರನ್ನು ಈ ಖಂಡಕ್ಕೆ ಉಳಿಸಿಕೊಟ್ಟರು.
ಕರಿಜಾಲಿ ಒಂದು ಬೆಳಗ್ಗೆ ವಚೇಲಿಯಾ ಆಗಿ ಎದ್ದಿತು.
ಮುಳ್ಳು ಅದೇ.

ಕ್ಲಾರಿ ವಾಸ್ಪರ್, ಕೌನ್ಸಿಲಿನ ಗ್ರೇಡರ್ ಡ್ರೈವರ್,
ಗೋಧಿಹೊಲಗಳ ನಡುವೆ ಮಣ್ಣುರಸ್ತೆ ಸವರುತ್ತ
ಎಪ್ಪತ್ತೊಂಬತ್ತರ ಆಗಸ್ಟಿನಲ್ಲಿ
ಬ್ಲೇಡ್ ಎತ್ತಿ ಕೆಳಗಿಳಿದ.
ಮೊಣಕಾಲೆತ್ತರದ ಪೊದೆ.
ಇದು ಇಲ್ಲಿಯದ್ದಲ್ಲ ಅನ್ನಿಸಿತಂತೆ.
ರೆಂಬೆಯನ್ನು ಊಟದ ಡಬ್ಬಿಯಲ್ಲಿಟ್ಟು ಕಳಿಸಿದ.

ಐರಿಸ್ ಎಣಿಸಿದಳು. ನರ ಎಂಟು, ಹದಿನಾರಲ್ಲ.
ಒಂದು ಚೆಂಡಿನಲ್ಲಿ ಹೂ ಇಪ್ಪತ್ತೆರಡು.
ಗ್ರಂಥಿ, ಬುಡದಿಂದ ಎರಡು ಮಿಲಿಮೀಟರ್ ಮೇಲೆ.
ಹನ್ನೊಂದು ವರ್ಷ ಅದನ್ನು ಕರೆದದ್ದು
ಜಲ್ಲಿಗುಂಡಿಯದ್ದು ಎಂದಷ್ಟೇ.
ಆಮೇಲೆ ಲ್ಯಾಟಿನ್ನಿನಲ್ಲಿ ಎರಡು ಪ್ಯಾರಾ ಬರೆದು
ಅಕೇಶಿಯಾ ವಾಸ್ಪೆರಿ ಎಂದಳು.
ಕ್ಲಾರಿ ಆ ಪುಟಕ್ಕೆ ಕಟ್ಟು ಹಾಕಿಸಿದ,
ಊರ ಬಾರಿನ ಗೋಡೆಯಲ್ಲಿ, ಫುಟ್ಬಾಲ್ ತಂಡದ ಪಕ್ಕ.

ಹೋದ ವರ್ಷ ದಕ್ಷಿಣದಿಂದ ಮೂಟೆಗಟ್ಟಲೆ ರೆಂಬೆ ಬಂತು.
ಒಂಬತ್ತು ನರ. ಹನ್ನೊಂದು. ಹದಿಮೂರು.
ಒಂದೇ ಪೊದೆಯಲ್ಲಿ ಎಂಟೂ ಹದಿನಾರೂ.
ಐರಿಸ್ ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ.
ಐದನೆಯ ದಿನ ತಾನೇ ಚೀಟಿ ಬರೆದು
ಅಂಟಿಸು, ಅಂದಳು.
ಮುಳುಗಿಸುವುದು ಅನ್ನುತ್ತೇವೆ ಇದನ್ನು:
ಹೊಸ ಹೆಸರು ಹಳೆಯದರಲ್ಲಿ ಮುಳುಗುತ್ತದೆ.
ಕಾನೂನು ಸರಳ, ಮೊದಲು ಕರೆದವನದೇ ಹೆಸರು.
(ಮೊದಲು ಎಂದರೆ?
ಮರ್ಲ್ ಆಂಟಿ ಇದ್ದಿದ್ದರೆ ಕೇಳುತ್ತಿದ್ದಳು.)

ನಾರ್ಥಮ್ ಆಸ್ಪತ್ರೆಗೆ ಗಾಡಿ ಓಡಿಸಿದ್ದು ನಾನು.
ಮೂಗಿಗೆ ನಳಿಕೆ, ಮೊಣಕಾಲ ಮೇಲೆ ಕಂಬಳಿ.
ಅವಳು ಎಲ್ಲ ಹೇಳಿದಳು, ನರಗಳ ಲೆಕ್ಕ ಸಹಿತ.
ಅವನು ಬಹಳ ಹೊತ್ತು ಕಿಟಕಿ ನೋಡಿದ.
"ಅಂದರೆ ಅದೇನೂ ಅಪರೂಪದ್ದಲ್ಲ?"
"ಅಲ್ಲ. ಅಲ್ಲಿ ಸಾವಿರಾರಿದೆ, ಕ್ಲಾರಿ."
"ಮತ್ತೆ, ಒಳ್ಳೇ ಸುದ್ದಿ ಹೇಳೋಕೆ
ಇಷ್ಟು ದೂರ ಅಳುಮೋರೆ ಹಾಕ್ಕೊಂಡು ಬಂದೆಯಾ."

ನಾವು ಹಳೆಯ ಚೀಟಿ ಕೀಳುವುದಿಲ್ಲ.
ಆ ಹಾಳೆಯಲ್ಲಿ ಈಗ ನಾಲ್ಕಿವೆ,
ಮೂರು ಅವಳದೇ ಕೈಬರಹ, ಒಂದಕ್ಕಿಂತ ಒಂದು ಸಣ್ಣಕ್ಷರ.
ಕೆಳಗೆ ಬಲಕ್ಕೆ ಊಟದ ಡಬ್ಬಿಯ ಎಣ್ಣೆಕಲೆ.
ಅದಕ್ಕೆ ಚೀಟಿಯಿಲ್ಲ.

ಬರುವಾಗ ಜಲ್ಲಿಗುಂಡಿಯ ಹತ್ತಿರ ನಿಲ್ಲಿಸೆಂದಳು.
ಬೇಸಿಗೆಯಲ್ಲಿ ಬೆಂಕಿ ಹಾದುಹೋಗಿತ್ತು.
ಕರಿ ಮಣ್ಣಿನ ತುಂಬ ಬೆರಳುದ್ದದ ಮೊಳಕೆ.
ಎಪ್ಪತ್ತೊಂದರ ಮಂಡಿಯೂರಿ, ಕನ್ನಡಕ ಹಣೆಗೇರಿಸಿ
ಭೂತಗನ್ನಡಿ ತೆಗೆದಳು, ರೂಢಿಬಲ.
ಎರಡೆರಡೇ ಗರಿ.
ಎಣಿಸಲು ಇನ್ನೂ ಏನೂ ಇರಲಿಲ್ಲ.